ನುಡಿ ಸಂದೇಹ: ‘ಏತಕ್ಕೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ: ನಾವು ಒಂದು ಕೆಲಸವನ್ನು ಯಾವ ಉದ್ದೇಶಕ್ಕಾಗಿ ಮಾಡುತ್ತೇವೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು? ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದಲ್ಲಿ ಮನೆಯಲ್ಲೇ ಕುಳಿತು ಆನ್‌ಲೈನ್ ಮೂಲಕ ಇಂಗ್ಲಿಷ್ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಮೆಕ್ಸಿಕೊ ನಗರದ ನೌಕರದಾರರು. ಅವರು ಕೆಲಸ ಮುಗಿಸಿ ಸಂಜೆ ಏಳಕ್ಕೆ ಪಾಠಕ್ಕೆ ಕುಳಿತಾಗ ನನಗಿಲ್ಲಿ ಮರುದಿನದ ಬೆಳಗಿನ ಆರೂವರೆ. ಅವರ ಮನೆಮಾತು ಸ್ಪ್ಯಾನಿಷ್. ಬಿಟ್ಟ ಸ್ಥಳ ತುಂಬಿರಿ ಎಂದರೆ ತಪ್ಪಿಲ್ಲದೆ ತುಂಬುವವರು, ಮಾತಿಗೆ ಬಂದರೆ ‘ಐ ಕೇಮ್ ಫಾರ್ ಟು ಲರ್ನ್ ಇಂಗ್ಲಿಷ್’, ‘ಐ ಸ್ಟಡಿ ಫಾರ್ ಗೆಟ್ ಅ ಬೆಟರ್ ಜಾಬ್’ ಎನ್ನುತ್ತಾರೆ. ಒಬ್ಬರಂತೂ ‘ಐ ಓಪನ್ಡ್ ದ ವಿಂಡೋ ಫಾರ್ ದಟ್ ದ ಏರ್ ಎಂಟರ್ಸ್’ ಎಂದು ಬರೆದರು. ನಮ್ಮ ಕಡೆಯ ಹುಡುಗರಲ್ಲಿ ಈ ತಪ್ಪು ಕಾಣುವುದಿಲ್ಲ. ಇದರ ಮೂಲ ಎಲ್ಲಿದೆ? ತಿದ್ದುವುದು ಹೇಗೆ? (ಹೆಸರು ಬೇಡ, ಧಾರವಾಡ)

ಉತ್ತರ: ಮೂಲ ಇರುವುದು ‘ಪಾರಾ’ ಎಂಬ ಪುಟ್ಟ ಪದದಲ್ಲಿ. ಸ್ಪ್ಯಾನಿಷಿನಲ್ಲಿ ಉದ್ದೇಶವನ್ನು ಹೇಳುವ ಮುಖ್ಯ ಪದ ಅದೇ. ಅದಕ್ಕೆ ಇಂಗ್ಲಿಷಿನಲ್ಲಿ ‘ಫಾರ್’ ಎಂದು ಮೊದಮೊದಲ ಪಾಠಗಳಲ್ಲೇ ಕಲಿತಿರುತ್ತಾರೆ; ‘ಈ ಪುಸ್ತಕ ಮಗನಿಗಾಗಿ’ ಎನ್ನುವಂಥ ಕಡೆ ಅದು ಸರಿಯೂ ಹೌದು. ಇನ್ನು ‘ಕಲಿಯಲು’ ಎಂಬುದಕ್ಕೆ ಅವರಲ್ಲಿ ‘ಅಪ್ರೆಂದೆರ್’ ಎಂಬ ಒಂದೇ ಪದವಿದೆ, ಆದರೆ ನಿಘಂಟು ಅದರ ಎದುರಿಗೆ ‘ಟು ಲರ್ನ್’ ಎಂದು ಎರಡು ಪದಗಳನ್ನು ಇಡುತ್ತದೆ. ‘ಪಾರಾ ಅಪ್ರೆಂದೆರ್’ ಎಂಬುದನ್ನು ಒಂದೊಂದಾಗಿ ಬದಲಿಸುತ್ತ ಹೋದವರ ಬಾಯಲ್ಲಿ ‘ಫಾರ್’ ಮತ್ತು ‘ಟು ಲರ್ನ್’ ಸೇರಿ ‘ಫಾರ್ ಟು ಲರ್ನ್’ ಆಗದೆ ಇನ್ನೇನಾದೀತು? ಎರಡು ಉದ್ದೇಶಸೂಚಕಗಳು ಒಂದರ ಮೇಲೊಂದು ಕೂತಿವೆ ಎಂದು ಯಾರಾದರೂ ಹೇಳಿದ ಮೇಲೆ ಕೆಲವರು ‘ಟು’ ಎಂಬುದನ್ನು ತೆಗೆಯುತ್ತಾರೆ, ಆಗ ‘ಫಾರ್ ಗೆಟ್’ ಹುಟ್ಟುತ್ತದೆ. ತೆಗೆಯಬೇಕಾದದ್ದು ‘ಫಾರ್’.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ: ‘ಫಾರ್ ಟು’ ಎಂಬುದು ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಒಪ್ಪಿತ ಪ್ರಯೋಗವಾಗಿತ್ತು, ಐರ್ಲೆಂಡಿನ ಕೆಲವು ಆಡುನುಡಿಗಳಲ್ಲಿ ಈಗಲೂ ಇದೆ. ಆದ್ದರಿಂದ ಇದನ್ನು ಬುದ್ಧಿ ಸಾಲದವರ ತಪ್ಪು ಎಂಬಂತೆ ನೋಡಬೇಡಿ. ಇಂದಿನ ಶಿಷ್ಟ ಇಂಗ್ಲಿಷ್ ಅದನ್ನು ಕೈಬಿಟ್ಟಿದೆ, ಅಷ್ಟೇ.

ತಿದ್ದುವ ದಾರಿಯೂ ಅವರ ಭಾಷೆಯಲ್ಲೇ ಇದೆ. ಹೋಗು, ಬಾ ಎಂಬಂಥ ಚಲನೆಯ ಕ್ರಿಯಾಪದಗಳ ಜತೆ ಸ್ಪ್ಯಾನಿಷ್ ‘ಪಾರಾ’ ಬದಲು ‘ಆ’ ಎಂಬ ಪದವನ್ನೂ ಬಳಸುತ್ತದೆ. ‘ಬೋಯ್ ಆ ಧಾರವಾಡ ಆ ಎಸ್ತುದಿಯಾರ್’ ಎಂದರೆ ‘ಓದಲಿಕ್ಕೆ ಧಾರವಾಡಕ್ಕೆ ಹೋಗುತ್ತೇನೆ’. ಊರಿನ ಹಿಂದೆಯೂ ‘ಆ’, ಓದುವ ಕ್ರಿಯೆಯ ಹಿಂದೆಯೂ ‘ಆ’. ಇಂಗ್ಲಿಷಿನ ‘ಟು’ ಮಾಡುವುದೂ ಇದನ್ನೇ: ‘ಐ ಆಮ್ ಗೋಯಿಂಗ್ ಟು ಧಾರವಾಡ ಟು ಸ್ಟಡಿ’. ಕಾಲು ಹೋಗುವ ಕಡೆಗೂ ಮನಸ್ಸು ಹೋಗುವ ಕಡೆಗೂ ಒಂದೇ ದಿಕ್ಕುಸೂಚಕ. ಹಾಗಾಗಿ ನಿಮ್ಮ ವಿದ್ಯಾರ್ಥಿಗಳಿಗೆ ‘ನಿಮ್ಮ ಪಾರಾವನ್ನು ಮರೆತು ನಿಮ್ಮ ಆ ಎಂಬುದನ್ನು ನೆನೆಯಿರಿ’ ಎಂದು ಹೇಳಿನೋಡಿ. ಚಲನೆಯಿಲ್ಲದ ವಾಕ್ಯಗಳಲ್ಲಿ ಸ್ಪ್ಯಾನಿಷ್ ‘ಪಾರಾ’ವನ್ನೇ ಕೇಳುತ್ತದೆ ನಿಜ, ಆದರೆ ಇಂಗ್ಲಿಷ್ ಆ ಭೇದವನ್ನು ಮಾಡುವುದಿಲ್ಲ, ‘ಐ ಸ್ಟಡಿ ಟು ಗೆಟ್ ಅ ಬೆಟರ್ ಜಾಬ್’ ಎಂಬಲ್ಲಿಯೂ ಅದೇ ‘ಟು’.

ಕಿಟಕಿಯ ವಾಕ್ಯ ಹೆಚ್ಚು ಸ್ವಾರಸ್ಯದ್ದು. ‘ಹೊರಗೆ ನೋಡಲು ಕಿಟಕಿ ತೆರೆದೆ’ ಎಂಬಲ್ಲಿ ತೆರೆದವನೂ ನಾನೇ, ನೋಡುವವನೂ ನಾನೇ. ‘ಗಾಳಿ ಬರಲಿ ಎಂದು ಕಿಟಕಿ ತೆರೆದೆ’ ಎಂಬಲ್ಲಿ ತೆರೆದವನು ನಾನು, ಬರಬೇಕಾದದ್ದು ಗಾಳಿ. ಕರ್ತೃ ಬದಲಾದ ಕೂಡಲೇ ಕನ್ನಡವು ‘-ಅಲು’ ಬಿಟ್ಟು ‘-ಅಲಿ ಎಂದು’ ಎಂಬ ರೂಪಕ್ಕೆ ಹೊರಳಿತು ನೋಡಿ. ಸ್ಪ್ಯಾನಿಷ್ ಕೂಡ ಅದೇ ಜಾಗದಲ್ಲಿ ಹೊರಳುತ್ತದೆ: ಕರ್ತೃ ಒಂದೇ ಆದಾಗ ‘ಪಾರಾ’ ಮುಂದೆ ಕ್ರಿಯಾಪದದ ಮೂಲರೂಪ, ಕರ್ತೃ ಬೇರೆಯಾದಾಗ ‘ಪಾರಾ ಕೆ’ ಮುಂದೆ ಸಬ್ಜಂಕ್ಟಿವ್ ಎಂಬ ವಿಶೇಷ ರೂಪ. ‘ಅಬ್ರಿ ಲಾ ವೆಂತಾನಾ ಪಾರಾ ಕೆ ಎಂತ್ರಾರಾ ಎಲ್ ಆಯ್ರೆ’ ಎಂಬುದು ಅವರು ಮನಸ್ಸಿನಲ್ಲಿ ಕಟ್ಟಿಕೊಂಡ ವಾಕ್ಯ. ಅದರ ‘ಎಂತ್ರಾರಾ’ ನಮ್ಮ ‘ಬರಲಿ’ಗೆ ಬಹಳ ಹತ್ತಿರದ್ದು, ಎರಡೂ ನಡೆದ ಸಂಗತಿಯನ್ನು ಹೇಳದೆ ನಡೆಯಲಿ ಎಂಬ ಬಯಕೆಯನ್ನು ಹೇಳುತ್ತವೆ. ಶಾಲೆಯಲ್ಲಿ ವಿಧ್ಯರ್ಥಕ ರೂಪವೆಂದು ಓದಿದ್ದನ್ನು ನೆನಪಿಸಿಕೊಳ್ಳಿ. ಈ ವಿಷಯದಲ್ಲಿ ಸ್ಪ್ಯಾನಿಷ್ ಆಡುವವರ ಕಷ್ಟವನ್ನು ಕನ್ನಡ ಬಲ್ಲ ಶಿಕ್ಷಕಿ ಬೇಗ ಅರ್ಥಮಾಡಿಕೊಳ್ಳಬಹುದು, ಇಂಗ್ಲಿಷ್ ಒಂದನ್ನೇ ಬಲ್ಲ ಶಿಕ್ಷಕರಿಗಿಂತಲೂ ಬೇಗ ಎಂದೇ ನನ್ನ ಅಭಿಪ್ರಾಯ.

ಇಂಗ್ಲಿಷಿನಲ್ಲಿ ‘ಪಾರಾ ಕೆ’ ಇರುವ ಜಾಗಕ್ಕೆ ‘ಸೋ ದಟ್’ ಬರುತ್ತದೆ. ಆದರೆ ಬಯಕೆಯನ್ನು ಸೂಚಿಸುವ ಪ್ರತ್ಯೇಕ ಕ್ರಿಯಾರೂಪ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಸವೆದುಹೋಗಿರುವುದರಿಂದ ಆ ಕೆಲಸವನ್ನು ‘ಕ್ಯಾನ್’, ‘ವಿಲ್’ ಮುಂತಾದ ಸಹಾಯಕ ಕ್ರಿಯಾಪದಗಳು ಮಾಡುತ್ತವೆ. ಮುಖ್ಯ ಕ್ರಿಯೆ ಭೂತಕಾಲದಲ್ಲಿದ್ದರೆ ಅವು ‘ಕುಡ್’, ‘ವುಡ್’ ಆಗುತ್ತವೆ. ಆದ್ದರಿಂದ ‘ಐ ಓಪನ್ಡ್ ದ ವಿಂಡೋ ಸೋ ದಟ್ ದ ಏರ್ ಕುಡ್ ಕಮ್ ಇನ್’. ಸ್ಪ್ಯಾನಿಷಿನಲ್ಲಿಯೂ ‘ತೆರೆಯುತ್ತೇನೆ’ ಎಂದಾಗ ‘ಎಂತ್ರೆ’, ‘ತೆರೆದೆ’ ಎಂದಾಗ ‘ಎಂತ್ರಾರಾ’ ಎಂದು ರೂಪ ಬದಲಾಗುವುದರಿಂದ ಕಾಲದ ಈ ಹೊಂದಾಣಿಕೆ ಅವರಿಗೆ ಹೊಸದಲ್ಲ. ನಮಗೇ ಅದು ಹೊಸದು. ನಮ್ಮ ‘ಬರಲಿ’ ಎಲ್ಲ ಕಾಲಕ್ಕೂ ‘ಬರಲಿ’ಯೇ.

ಎರಡು ಪೂರಕ ಮಾತು. ‘ಸೋ ದಟ್’ ಬಳಸಲು ಕರ್ತೃ ಬದಲಾಗಲೇಬೇಕೆಂದಿಲ್ಲ. ‘ಐ ರ್‍ಯಾನ್ ಸೋ ದಟ್ ಐ ಕುಡ್ ಕ್ಯಾಚ್ ದ ಚಿಗರಿ ಬಸ್’ ಎಂಬುದೂ ಶುದ್ಧವೇ. ಆದರೆ ‘ಐ ರ್‍ಯಾನ್ ಟು ಕ್ಯಾಚ್’ ಎಂದು ಮುಗಿಯುವುದನ್ನು ಅಷ್ಟು ಉದ್ದ ಎಳೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಯೇ ‘ಫಾರ್ ದ ಏರ್ ಟು ಕಮ್ ಇನ್’ ಎಂಬ ರಚನೆಯೂ ಉಂಟು. ಅಲ್ಲಿ ‘ಫಾರ್’ ಮತ್ತು ‘ಟು’ ಎರಡೂ ಇವೆ, ಆದರೆ ನಡುವೆ ಹೊಸ ಕರ್ತೃ ಕುಳಿತಿದೆ. ಇದನ್ನು ಈಗಲೇ ಕಲಿಸಬೇಡಿ. ‘ಫಾರ್ ಟು’ ಚಟ ಪೂರ್ತಿ ಬಿಡುವವರೆಗೆ ಇದು ಗೊಂದಲವನ್ನೇ ಹೆಚ್ಚಿಸೀತು.

ನಿಷೇಧದಲ್ಲಿಯೂ ಅವರು ಎಡವುತ್ತಾರೆ. ‘ಪಾರಾ ನೋ ದೆಸ್ಪೆರ್ತಾರ್’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಐ ವಾಕ್ಡ್ ಸ್ಲೋಲಿ ಫಾರ್ ನಾಟ್ ವೇಕ್ ದ ಬೇಬಿ’ ಎನ್ನುತ್ತಾರೆ. ಇಲ್ಲಿ ‘ಫಾರ್’ ತೆಗೆದು ಬರಿಯ ‘ನಾಟ್ ಟು ವೇಕ್’ ಎಂದರೂ ಸಾಲದು. ‘ಟೇಕ್ ಕೇರ್ ನಾಟ್ ಟು ಫಾಲ್’ ಎಂಬಂಥ ಕೆಲವು ಕಡೆ ಬಿಟ್ಟರೆ, ಉದ್ದೇಶದ ನಿಷೇಧಕ್ಕೆ ‘ಸೋ ಆಸ್ ನಾಟ್ ಟು ವೇಕ್’ ಅಥವಾ ‘ಇನ್ ಆರ್ಡರ್ ನಾಟ್ ಟು ವೇಕ್’ ಎಂದು ಪೂರ್ಣವಾಗಿಯೇ ಹೇಳಬೇಕು. ಕನ್ನಡದ ‘ಎಬ್ಬಿಸದಂತೆ’ ಎಂಬ ಒಂದು ಪದದ ಮುಂದೆ ಇದು ಹೊರೆ ಅನ್ನಿಸುವುದು ಸಹಜ.

ಕೊನೆಯದಾಗಿ, ಸ್ಪ್ಯಾನಿಷಿನಲ್ಲಿ ‘ಪೋರ್’ ಎಂಬ ಇನ್ನೊಂದು ಪದವಿದೆ. ಅದು ಬಹುಪಾಲು ಕಾರಣವನ್ನು ಹೇಳುತ್ತದೆ, ‘ಪಾರಾ’ ಗುರಿಯನ್ನು ಹೇಳುತ್ತದೆ, ಆದರೆ ಎರಡಕ್ಕೂ ಇಂಗ್ಲಿಷಿನಲ್ಲಿ ‘ಫಾರ್’ ಎಂದೇ ಕಲಿತವರು ‘ಐ ಕೇಮ್ ಲೇಟ್ ಫಾರ್ ದ ಟ್ರಾಫಿಕ್’ ಎನ್ನುವುದುಂಟು. ಅದು ‘ಬಿಕಾಸ್ ಆಫ್’ ಆಗಬೇಕು. ನಮ್ಮ ಕಡೆಯ ‘ಸಲುವಾಗಿ’ ಕೂಡ ‘ಮಗನ ಸಲುವಾಗಿ ದುಡೀತೇನಿ’ ಎಂಬಲ್ಲಿ ಗುರಿಯನ್ನೂ, ‘ಅವನ ಸಲುವಾಗಿ ನಮಗ ತ್ರಾಸ ಆತು’ ಎಂಬಲ್ಲಿ ಕಾರಣವನ್ನೂ ಹೇಳುವುದರಿಂದ ಈ ಎಡವಟ್ಟನ್ನು ನೀವು ಸುಲಭವಾಗಿ ಗುರುತಿಸುವಿರಿ.

ಪ್ರಶ್ನೆ: ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕನಾಗಿದ್ದೇನೆ. ‘ಮೈ ಫಾದರ್ ವೆಂಟ್ ಟು ಬ್ಯಾಡಗಿ ಫಾರ್ ಸೆಲ್ಲಿಂಗ್ ಚಿಲ್ಲೀಸ್’ ಎಂದು ಹತ್ತನೆಯ ತರಗತಿಯ ಮಕ್ಕಳು ಬರೆದರೆ ತಪ್ಪೆಂದು ಗೀಟು ಹಾಕುತ್ತೇನೆ. ಮೊನ್ನೆ ಒಬ್ಬ ಹುಡುಗ ‘ಸರ್, ಈ ಮಷೀನು ಖಾರ ಕುಟ್ಟಲಿಕ್ಕೆ ಎನ್ನುವುದಕ್ಕೆ ಫಾರ್ ಪೌಂಡಿಂಗ್ ಎಂದು ನೀವೇ ಹೇಳಿಕೊಟ್ಟಿದ್ದೀರಿ, ಅದು ಸರಿಯಾದರೆ ಇದು ಯಾಕೆ ತಪ್ಪು’ ಎಂದು ಕೇಳಿದ. ಅವನಿಗೆ ಏನು ಹೇಳಲಿ? (ಹೆಸರು ಬೇಡ, ಹಾವೇರಿ)

ಉತ್ತರ: ಹುಡುಗನ ಪ್ರಶ್ನೆ ಚುರುಕಾಗಿದೆ. ‘ಫಾರ್’ ಮುಂದೆ ‘-ಇಂಗ್’ ರೂಪ ಬಂದಾಗ ಅದು ವಸ್ತುವಿನ ಉಪಯೋಗವನ್ನು ಹೇಳುತ್ತದೆ: ಯಂತ್ರ ಕುಟ್ಟುವುದಕ್ಕೆ, ಚಾಕು ಕೊಯ್ಯುವುದಕ್ಕೆ, ಈ ಕೋಣೆ ಓದುವುದಕ್ಕೆ. ಯಂತ್ರಕ್ಕೆ ತನ್ನದೇ ಆದ ಇಚ್ಛೆಯಿಲ್ಲ. ಬ್ಯಾಡಗಿಗೆ ಹೋದ ಅಪ್ಪನಿಗೆ ಇಚ್ಛೆಯಿದೆ, ಆತ ಒಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದಾನೆ. ಅಂಥ ಉದ್ದೇಶಕ್ಕೆ ‘ಟು ಸೆಲ್’ ಬೇಕು. ಮುಂದೆ ಬರುವುದು ನಾಮಪದವಾದರೆ ಮಾತ್ರ ಮನುಷ್ಯನ ಉದ್ದೇಶಕ್ಕೂ ‘ಫಾರ್’ ಸಲ್ಲುತ್ತದೆ: ‘ಹಿ ವೆಂಟ್ ಟು ಹುಬ್ಬಳ್ಳಿ ಫಾರ್ ಟ್ರೀಟ್‌ಮೆಂಟ್’.

ಆದರೆ ಮಕ್ಕಳು ಏಕೆ ಹೀಗೆ ಬರೆಯುತ್ತಾರೆ ಎಂಬುದನ್ನು ಬಿಡಿಸದೆ ಬರಿಯ ಗೀಟು ಹಾಕಿದರೆ ಮುಂದಿನ ವಾರವೂ ಅದೇ ತಪ್ಪು ಬರುತ್ತದೆ. ‘ಮಾರಲಿಕ್ಕೆ’ ಎಂಬುದರ ಕೊನೆಯ ‘-ಕ್ಕೆ’ ಅವರ ಕಿವಿಯಲ್ಲಿದೆ. ಚತುರ್ಥಿ ವಿಭಕ್ತಿಗೆ ‘ಫಾರ್’ ಎಂದು ಎಲ್ಲೋ ಕಲಿತಿದ್ದಾರೆ, ಹಾಗಾಗಿ ‘-ಕ್ಕೆ’ ಕೇಳಿಸಿದ ಕಡೆಯೆಲ್ಲ ‘ಫಾರ್’ ಹಚ್ಚುತ್ತಾರೆ. ಅದೇ ವಾಕ್ಯದಲ್ಲಿ ‘ಬ್ಯಾಡಗಿಗೆ’ ಎಂಬುದಕ್ಕೆ ಅವರೇ ‘ಟು ಬ್ಯಾಡಗಿ’ ಎಂದು ಸರಿಯಾಗಿ ಬರೆದಿದ್ದಾರಲ್ಲ, ಅದನ್ನೇ ಹಿಡಿಯಿರಿ. ‘ಬ್ಯಾಡಗಿಗೆ’ ಎಂಬಲ್ಲಿರುವುದೂ ಚತುರ್ಥಿ, ‘ಮಾರಲಿಕ್ಕೆ’ ಎಂಬಲ್ಲಿರುವುದೂ ಚತುರ್ಥಿ. ಮೊದಲನೆಯದಕ್ಕೆ ‘ಟು’ ಆದರೆ ಎರಡನೆಯದಕ್ಕೂ ‘ಟು’. ಊರ ಕಡೆ ‘ಮಾರಾಕ’ ಎನ್ನುವ ಮಕ್ಕಳಿಗೂ ಇದನ್ನು ಹೀಗೆಯೇ ತೋರಿಸಬಹುದು.

ಹಾಗಾದರೆ ‘ಫಾರ್ ಸೆಲ್ಲಿಂಗ್’ ಎಂಬುದನ್ನು ಮನುಷ್ಯರ ಬಗ್ಗೆ ಎಂದೂ ಬಳಸಬಾರದೇ? ಬಳಸಬಹುದು, ಆದರೆ ಆಗ ಅದು ‘ಮಾರಿದ್ದಕ್ಕೆ’ ಎಂದಾಗುತ್ತದೆ. ‘ಹಿ ವಾಸ್ ಫೈನ್ಡ್ ಫಾರ್ ಸೆಲ್ಲಿಂಗ್ ಬ್ಯಾಡ್ ಸೀಡ್ಸ್’ ಎಂದರೆ ಕಳಪೆ ಬೀಜ ಮಾರಿದ್ದಕ್ಕೆ ದಂಡ ಬಿತ್ತು ಎಂದರ್ಥ. ‘ಥ್ಯಾಂಕ್ ಯು ಫಾರ್ ಕಮಿಂಗ್’ ಎಂಬುದೂ ಬಂದದ್ದಕ್ಕೆ ಹೇಳುವ ವಂದನೆ. ‘ಮಾರಲಿಕ್ಕೆ’ ಮುಂದೆ ನಡೆಯಬೇಕಾದದ್ದು, ‘ಮಾರಿದ್ದಕ್ಕೆ’ ಆಗಿಹೋದದ್ದು. ಕಪ್ಪುಹಲಗೆಯ ಮೇಲೆ ಈ ಎರಡು ಪದಗಳನ್ನು ಅಕ್ಕಪಕ್ಕ ಬರೆದು, ಒಂದರ ಕೆಳಗೆ ‘ಟು ಸೆಲ್’, ಇನ್ನೊಂದರ ಕೆಳಗೆ ‘ಫಾರ್ ಸೆಲ್ಲಿಂಗ್’ ಎಂದು ಬರೆದು ತೋರಿಸಿ. ಕೇಳಿದ ಹುಡುಗನಿಂದಲೇ ಬರೆಯಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ವಿದ್ಯಾರ್ಥಿವೇತನದ ಸಲುವಾಗಿ ಕಾಲೇಜಿನಿಂದ ಬೋನಾಫೈಡ್ ಪ್ರಮಾಣಪತ್ರ ಬೇಕಾಗಿ ‘ಐ ನೀಡ್ ದ ಸರ್ಟಿಫಿಕೇಟ್ ಫಾರ್ ದ ಪರ್ಪಸ್ ಆಫ್ ಟು ಅಪ್ಲೈ ಫಾರ್ ಸ್ಕಾಲರ್‌ಶಿಪ್’ ಎಂದು ಅರ್ಜಿ ಬರೆದೆ. ಗೆಳೆಯರು ನಕ್ಕರು. ‘ಇನ್ ಆರ್ಡರ್ ಟು’ ಹಾಕಬೇಕಿತ್ತು ಎಂದರು. ಯಾವುದು ಸರಿ? (ಪದವಿ ವಿದ್ಯಾರ್ಥಿನಿ, ಗದಗ)

ಉತ್ತರ: ನಗುವಂಥದ್ದೇನೂ ಇಲ್ಲ. ‘ಆಫ್’ ಎಂಬುದರ ಮುಂದೆ ‘ಟು’ ಬರುವುದಿಲ್ಲ, ‘-ಇಂಗ್’ ಬರುತ್ತದೆ ಎಂಬುದಷ್ಟೇ ದೋಷ. ‘ಫಾರ್ ದ ಪರ್ಪಸ್ ಆಫ್ ಅಪ್ಲೈಯಿಂಗ್’ ಎಂದಿದ್ದರೆ ವ್ಯಾಕರಣ ಸರಿಹೋಗುತ್ತಿತ್ತು. ಗೆಳೆಯರು ಹೇಳಿದ ‘ಇನ್ ಆರ್ಡರ್ ಟು ಅಪ್ಲೈ’ ಕೂಡ ಸರಿ. ಆದರೆ ನನ್ನನ್ನು ಕೇಳಿದರೆ ‘ಐ ನೀಡ್ ದ ಸರ್ಟಿಫಿಕೇಟ್ ಟು ಅಪ್ಲೈ ಫಾರ್ ಅ ಸ್ಕಾಲರ್‌ಶಿಪ್’ ಎಂಬುದೇ ಎಲ್ಲಕ್ಕಿಂತ ಚೆನ್ನು. ಅರ್ಜಿ ಎಂದ ಕೂಡಲೇ ಭಾರದ ಪದಗಳನ್ನು ಪೇರಿಸುವುದು ನಮ್ಮ ಕಚೇರಿಗಳ ಹಳೆಯ ರೂಢಿ. ಕನ್ನಡದ ಅರ್ಜಿಗಳಲ್ಲಿಯೂ ‘ಪಡೆಯುವ ಉದ್ದೇಶದ ಸಲುವಾಗಿ’ ಎಂದು ಒಂದೇ ಅರ್ಥವನ್ನು ಎರಡು ಸಲ ಬರೆಯುತ್ತೇವಲ್ಲ. ‘ಇನ್ ಆರ್ಡರ್ ಟು’, ‘ಸೋ ಆಸ್ ಟು’ ಎಂಬವು ‘ಟು’ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ವಾಕ್ಯ ಉದ್ದವಾಗಿ, ಅದರಲ್ಲಿ ಬೇರೆ ‘ಟು’ಗಳಿದ್ದು, ಉದ್ದೇಶ ಯಾವುದೆಂಬುದು ಮಸುಕಾಗುವಂತಿದ್ದರೆ ಮಾತ್ರ ಅವು ಉಪಯುಕ್ತ. ನಿಷೇಧದಲ್ಲಿ ಅವು ಬೇಕೇ ಬೇಕು ಎಂಬುದನ್ನು ಮೇಲಿನ ಉತ್ತರದಲ್ಲಿ ಹೇಳಿದ್ದೇನೆ.

ಅರ್ಜಿಗಳಲ್ಲಿ ಕಾಣುವ ಇನ್ನೊಂದು ಪ್ರಯೋಗ ‘ವಿಥ್ ಅ ವ್ಯೂ ಟು’. ಅದರ ಮುಂದೆ ‘ಇಂಪ್ರೂವ್’ ಬಾರದು, ‘ಇಂಪ್ರೂವಿಂಗ್’ ಬರಬೇಕು. ಅಲ್ಲಿಯ ‘ಟು’ ‘ಲುಕಿಂಗ್ ಫಾರ್ವರ್ಡ್ ಟು’ ಎಂಬಲ್ಲಿಯ ಜಾತಿಯದು.

ಪ್ರಶ್ನೆ: ‘ಮಳೆ ಬಂದೀತು ಎಂದು ಕೊಡೆ ತಗೊಂಡೆ’ ಎಂಬುದನ್ನು ‘ಐ ಟುಕ್ ಆನ್ ಅಂಬ್ರೆಲ್ಲಾ ಸೋ ದಟ್ ಇಟ್ ವುಡ್ ರೇನ್’ ಎಂದು ಬರೆದೆ. ‘ಎಂದು’ ಇದ್ದ ಕಡೆ ‘ಸೋ ದಟ್’ ಅಲ್ಲವೇ? ‘ಸೋ’ ಮತ್ತು ‘ದಟ್’ ನಡುವೆ ಪದ ಬರುವ ಇನ್ನೊಂದು ರಚನೆಗೂ ಇದಕ್ಕೂ ಏನು ವ್ಯತ್ಯಾಸ? (ಪಿಯು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಿಮ್ಮ ವಾಕ್ಯದ ಪ್ರಕಾರ ನೀವು ಕೊಡೆ ಹಿಡಿದದ್ದು ಮಳೆ ತರಿಸಲು. ಬರಗಾಲದಲ್ಲಿ ಈ ಉಪಾಯ ಫಲಿಸಿದ್ದರೆ ಚೆನ್ನಾಗಿತ್ತು! ‘ಎಂದು’ ಎಂಬುದನ್ನು ನೋಡಿ ನಿರ್ಧರಿಸಬೇಡಿ, ಅದರ ಹಿಂದಿನ ಕ್ರಿಯಾರೂಪವನ್ನು ನೋಡಿ. ‘ಮಳೆ ಬರಲಿ ಎಂದು’ ಎಂದಿದ್ದರೆ ಬಯಕೆ, ಅದಕ್ಕೆ ‘ಸೋ ದಟ್’. ‘ಮಳೆ ಬಂದೀತು ಎಂದು’ ಎಂದರೆ ಸಂಭವ. ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಓದಿದ ರೂಪ ಅದು, ಇಂಗ್ಲಿಷಿನಲ್ಲಿ ಅದಕ್ಕೆ ‘ಇನ್ ಕೇಸ್’: ‘ಐ ಟುಕ್ ಆನ್ ಅಂಬ್ರೆಲ್ಲಾ ಇನ್ ಕೇಸ್ ಇಟ್ ರೇನ್ಡ್’. ‘ನೆನೆಯಬಾರದೆಂದು’ ಎಂದು ಬರೆಯುವುದಾದರೆ ಮತ್ತೆ ‘ಸೋ ದಟ್ ಐ ವುಡ್‌ನಾಟ್ ಗೆಟ್ ವೆಟ್’. ‘ಮಳೆ ಬಂತೆಂದು ನಿಂತೆ’ ಎಂಬಲ್ಲಿ ‘ಎಂದು’ ಬರಿಯ ಕಾರಣ, ಅದು ‘ಬಿಕಾಸ್’. ಮೇಲಿನ ಪ್ರಶ್ನೆಯ ಧಾರವಾಡದ ಶಿಕ್ಷಕಿಗೂ ಇದು ಉಪಯೋಗಕ್ಕೆ ಬಂದೀತು, ಏಕೆಂದರೆ ಸ್ಪ್ಯಾನಿಷ್ ಕೂಡ ಈ ಸಂಭವಕ್ಕೆ ‘ಪಾರಾ’ ಬಳಸದೆ ‘ಪೋರ್ ಸಿ’ ಎನ್ನುತ್ತದೆ.

ನಡುವೆ ಪದ ಬರುವ ರಚನೆ ಪರಿಣಾಮದ್ದು. ‘ಯಾರಿಗೂ ಕೇಳಿಸಬಾರದೆಂದು ಮೆಲ್ಲಗೆ ಮಾತಾಡಿದ’ ಎಂದರೆ ಉದ್ದೇಶ: ‘ಹಿ ಸ್ಪೋಕ್ ಸಾಫ್ಟ್‌ಲಿ ಸೋ ದಟ್ ನೋಬಡಿ ವುಡ್ ಹಿಯರ್’. ‘ಎಷ್ಟು ಮೆಲ್ಲಗೆ ಮಾತಾಡಿದನೆಂದರೆ ಯಾರಿಗೂ ಕೇಳಿಸಲಿಲ್ಲ’ ಎಂದರೆ ಪರಿಣಾಮ: ‘ಹಿ ಸ್ಪೋಕ್ ಸೋ ಸಾಫ್ಟ್‌ಲಿ ದಟ್ ನೋಬಡಿ ಹರ್ಡ್’. ಎರಡನೆಯದರಲ್ಲಿ ಕೇಳಿಸದಿರುವುದು ನಡೆದುಹೋದ ಸಂಗತಿ, ಆದ್ದರಿಂದ ‘ವುಡ್’ ಬೇಕಿಲ್ಲ.

ಪ್ರಶ್ನೆ: ‘ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ’, ‘ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಎರಡೂ ಒಂದೇ ಅಲ್ಲವೇ? (ಓದುಗ, ರಾಣೆಬೆನ್ನೂರು)

ಉತ್ತರ: ಅಲ್ಲ. ಮೊದಲನೆಯವನು ದಾರಿಯಲ್ಲಿ ಚಹಾ ಕುಡಿಯಲು ನಿಂತ. ‘ಟು ಡ್ರಿಂಕ್’ ಎಂಬುದು ಅವನು ನಿಂತ ಉದ್ದೇಶ. ಎರಡನೆಯವನು ಚಹಾ ಕುಡಿಯುವುದನ್ನೇ ಬಿಟ್ಟ. ಉತ್ತರ ಕರ್ನಾಟಕದಲ್ಲಿ ಎರಡನೆಯವನು ಸಿಗುವುದು ಅಪರೂಪ.